ಆರಂಭಿಕರ ಕ್ರೋಶಾ ಹೂವಿನ ಕಿಟ್: ಸಾಮಗ್ರಿ ಉತ್ತಮ, ಪಾಠದ ಕ್ರಮ ತಲೆಕೆಳಗು

ಕ್ರೋಶಾ ಹೆಣಿಗೆಯನ್ನು ಹೊಸದಾಗಿ ಕಲಿಯುವವರಿಗೆಂದೇ ಸಿದ್ಧಪಡಿಸಿದ, ಐದು ಬಗೆಯ ಅಲಂಕಾರಿಕ ಹೂಗಳಿಗೆ ಬೇಕಾದ ಸಾಮಗ್ರಿ ಮತ್ತು ಪಾಠಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಕಿಟ್ ಒಂದನ್ನು ನನ್ನ ತಂಗಿಗಾಗಿ ತರಿಸಿದ್ದೆ. ನನಗೆ ಈ ಕೆಲಸ ಹಲವು ವರ್ಷಗಳಿಂದ ರೂಢಿಯಲ್ಲಿದೆ. ಅವಳಾದರೋ ಅದುವರೆಗೆ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಹಾಗಾಗಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು: ಅವಳು ಪುಸ್ತಿಕೆಯನ್ನೂ ವಿಡಿಯೊಗಳನ್ನೂ ಮಾತ್ರ ನಂಬಿ ಹೆಣೆಯಬೇಕು, ನಾನು ಪಕ್ಕದಲ್ಲಿ ಕುಳಿತು ನೋಡಬೇಕೇ ಹೊರತು ಅವಳು ಪೂರ್ತಿ ಕೈಚೆಲ್ಲುವವರೆಗೆ ಬಾಯಿ ತೆರೆಯಬಾರದು. ಆರು ವಾರಗಳ ಆ ಪ್ರಯೋಗದಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಪೆಟ್ಟಿಗೆಯೊಳಗಿನ ವಸ್ತುಗಳಲ್ಲಿ ಹೆಚ್ಚಿನವು ನಿಜಕ್ಕೂ ಒಳ್ಳೆಯವು. ಆದರೆ ಅವುಗಳನ್ನು ಕಲಿಯುವವರ ಮುಂದೆ ಇಟ್ಟಿರುವ ಕ್ರಮ ತಪ್ಪಾಗಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಬರಹದ ಬಹುಪಾಲು ಅದರ ಬಗ್ಗೆಯೇ ಇದೆ.

ಪೆಟ್ಟಿಗೆಯಲ್ಲಿ 4 ಮಿ.ಮೀ. ದಪ್ಪದ ಒಂದು ಅಲ್ಯೂಮಿನಿಯಂ ಕಡ್ಡಿ, ತಲಾ 25 ಗ್ರಾಂ ತೂಕದ ಐದು ಬಣ್ಣದ ಹತ್ತಿ ದಾರದ ಉಂಡೆಗಳು, ಮೊಂಡು ತುದಿಯ ಒಂದು ದೊಡ್ಡ ಸೂಜಿ, ಸ್ಟಿಚ್ಚಿಗೆ, ಅಂದರೆ ಹೆಣಿಗೆಯ ಕುಣಿಕೆಗೆ, ಗುರುತಾಗಿ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಆರು ಸ್ಟಿಚ್ ಮಾರ್ಕರ್‌ಗಳು, 24 ಪುಟಗಳ ಪುಸ್ತಿಕೆ ಮತ್ತು ವಿಡಿಯೊ ಪಾಠಗಳಿಗೆ ದಾರಿ ತೋರುವ ಕ್ಯೂಆರ್ ಕೋಡಿನ ಒಂದು ಕಾರ್ಡು ಇವೆ. ಕತ್ತರಿ ಇಲ್ಲ, ಅದೊಂದು ಕೊರತೆಯೆಂದು ನಾನು ಎಣಿಸುವುದಿಲ್ಲ. ಪುಸ್ತಿಕೆಯಲ್ಲಿ ಐದೆಸಳಿನ ಸರಳ ಹೂವು, ಎಂಟೆಸಳಿನ ಡೇಸಿ, ಪದರ ಪದರವಾಗಿ ಅರಳುವ ಗುಲಾಬಿ, ಪಟ್ಟಿಯನ್ನು ಸುತ್ತಿ ಮಾಡುವ ಸುರುಳಿ ಗುಲಾಬಿ ಮತ್ತು ಕೊನೆಯದಾಗಿ ಎಲೆಯ ಜೊತೆಗಿನ ಮೊಗ್ಗು, ಇದೇ ಅನುಕ್ರಮದಲ್ಲಿ ಬರುತ್ತವೆ.

ಮೊದಲು ಕಡ್ಡಿಯ ವಿಷಯ. ಹೊಸಬರಿಗೆ 4 ಮಿ.ಮೀ. ಅಳತೆಯನ್ನು ಆರಿಸಿದ್ದು ಸರಿಯಾದ ನಿರ್ಧಾರ. ದಾರದ ಚೀಟಿಯ ಮೇಲೆ ದಪ್ಪದ ಸಂಖ್ಯೆ 3 ಎಂದಿದೆ. ಸೊನ್ನೆಯಿಂದ 7ರವರೆಗೆ ಹೋಗುವ ಪ್ರಮಾಣೀಕೃತ ಪಟ್ಟಿಯಲ್ಲಿ ಇದನ್ನು ಹಗುರ ದಾರವೆಂದು ಕರೆಯುತ್ತಾರೆ, ಮತ್ತು ಅದೇ ಪಟ್ಟಿ ಈ ದಪ್ಪಕ್ಕೆ 4.5ರಿಂದ 5.5 ಮಿ.ಮೀ. ಕಡ್ಡಿಯನ್ನು ಸೂಚಿಸುತ್ತದೆ. ಆ ಸೂಚನೆ ಮೈಮೇಲೆ ಬೀಳುವ ಬಟ್ಟೆಗೆ ಹೊಂದುತ್ತದೆ. ಹೂವಿನ ಎಸಳು ನೆಟ್ಟಗೆ ನಿಲ್ಲಬೇಕಾದರೆ ಹೆಣಿಗೆ ಸ್ವಲ್ಪ ಬಿಗಿಯಾಗಿರಬೇಕು, ಅದಕ್ಕೆ ಸೂಚಿಸಿದ್ದಕ್ಕಿಂತ ಅರ್ಧ ಮಿಲಿಮೀಟರ್ ಸಣ್ಣ ಕಡ್ಡಿ ಒಳ್ಳೆಯದು. ಕಡ್ಡಿಯ ತುದಿ ಅತಿ ಚೂಪಾಗಿಲ್ಲದೆ ದುಂಡಗಿರುವುದರಿಂದ ದಾರದ ಎಳೆಗಳ ನಡುವೆ ತೂರಿ ಅದನ್ನು ಸೀಳುವುದು ಕಡಿಮೆ. ಹಿಡಿಕೆಗೆ ಮೆತ್ತನೆಯ ರಬ್ಬರ್ ಹೊದಿಕೆಯಿದೆ. ಪೆನ್ನಿನಂತೆ ಹಿಡಿದರೂ ಚಾಕುವಿನಂತೆ ಹಿಡಿದರೂ ಹೆಬ್ಬೆರಳಿಗೆ ನಿಲ್ಲಲು ಚಪ್ಪಟೆ ಜಾಗ ಸಿಗುತ್ತದೆ. ತಂಗಿ ಮೊದಲ ದಿನವೇ ಚಾಕುವಿನ ಹಿಡಿತಕ್ಕೆ ಹೋದಳು, ನಾನು ಪೆನ್ನಿನ ಹಿಡಿತದವಳು, ಇಬ್ಬರಿಗೂ ಆ ಕಡ್ಡಿ ಒಗ್ಗಿತು. ಒಂದು ತಾಸಿನ ನಂತರವೂ ಬೆರಳು ನೋಯಲಿಲ್ಲ ಎಂದು ಅವಳು ಹೇಳಿದ್ದು ನನಗೆ ಮುಖ್ಯವೆನಿಸಿತು, ಏಕೆಂದರೆ ಹೊಸಬರು ಕಡ್ಡಿಯನ್ನು ಅಗತ್ಯಕ್ಕಿಂತ ಹೆಚ್ಚು ಬಲವಾಗಿ ಹಿಡಿಯುತ್ತಾರೆ.

ದಾರವೂ ಗುಣಮಟ್ಟದ್ದೇ. ಐದೂ ಉಂಡೆಗಳು ಮರ್ಸರೀಕರಿಸಿದ ಹತ್ತಿಯವು. ಹತ್ತಿ ನೂಲನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಹದಗೊಳಿಸುವ ಈ ವಿಧಾನವನ್ನು ಇಂಗ್ಲೆಂಡಿನ ಜಾನ್ ಮರ್ಸರ್ 1844ರ ಸುಮಾರಿಗೆ ಕಂಡುಹಿಡಿದರು. ನೂಲನ್ನು ಎಳೆದು ಬಿಗಿಹಿಡಿದು ಹದಗೊಳಿಸಿದರೆ ಅದಕ್ಕೆ ರೇಷ್ಮೆಯಂಥ ಹೊಳಪು ಬರುತ್ತದೆಂಬುದು ಗೊತ್ತಾದದ್ದು ಆ ಶತಮಾನದ ಕೊನೆಗೆ. ಹೂವು ಹೆಣೆಯುವವರಿಗೆ ಹೊಳಪಿಗಿಂತ ಮುಖ್ಯವಾದ ಪ್ರಯೋಜನ ಇನ್ನೊಂದಿದೆ: ಇಂಥ ದಾರದ ಮೈಮೇಲೆ ಜುಂಗು ಇರುವುದಿಲ್ಲ, ಆದ್ದರಿಂದ ಪ್ರತಿಯೊಂದು ಸ್ಟಿಚ್ಚಿನ ತಲೆಯ ಮೇಲೆ ಮೂಡುವ ಇಂಗ್ಲಿಷಿನ ವಿ ಅಕ್ಷರದಂಥ ಜೋಡಿ ಎಳೆ ಸ್ಪಷ್ಟವಾಗಿ ಕಾಣುತ್ತದೆ. ಹೊಸಬರು ಎಣಿಸಬೇಕಾದದ್ದು ಆ ವಿ ಆಕಾರಗಳನ್ನೇ. ಅಗ್ಗದ ಅಕ್ರಿಲಿಕ್ ದಾರ ಕೊಟ್ಟಿದ್ದರೆ ಅದು ಹಿಗ್ಗಿ ಕುಗ್ಗಿ ಕೈಯ ಏರುಪೇರನ್ನು ಮರೆಮಾಚುತ್ತಿತ್ತು ನಿಜ, ಹತ್ತಿಗೆ ಆ ಔದಾರ್ಯವಿಲ್ಲ. ಬಿಗಿಯಾಗಿ ಹೆಣೆದರೆ ಮುಂದಿನ ಸುತ್ತಿನಲ್ಲಿ ಕಡ್ಡಿ ಒಳಹೊಗುವುದೇ ಇಲ್ಲ. ಆದರೂ ಸ್ಟಿಚ್ ಕಣ್ಣಿಗೆ ಕಾಣುವುದು ಕಲಿಕೆಯ ಮೊದಲ ಅಗತ್ಯವಾದ್ದರಿಂದ ತಯಾರಕರು ಹತ್ತಿಯನ್ನು ಆರಿಸಿದ್ದನ್ನು ನಾನು ಮೆಚ್ಚುತ್ತೇನೆ. ಹಳದಿ, ತಿಳಿ ಗುಲಾಬಿ, ಬಿಳಿ, ಎಲೆಹಸಿರು ಈ ನಾಲ್ಕು ಬಣ್ಣಗಳ ಬಗ್ಗೆ ದೂರಿಲ್ಲ. ಐದನೆಯದಾದ ಗಾಢ ಮರೂನ್ ಬಗ್ಗೆ ಮುಂದೆ ಹೇಳುತ್ತೇನೆ.

ಇನ್ನು ಕಲಿಕೆಯ ವಿಷಯ. ಪುಸ್ತಿಕೆಯ ಮೊದಲ ಎರಡು ಪುಟಗಳು ಜಾರುಗಂಟು ಮತ್ತು ಚೈನ್, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ, ಹಾಕುವುದನ್ನು ತೋರಿಸುತ್ತವೆ. ಮೂರನೆಯ ಪುಟದಲ್ಲಿಯೇ ಮ್ಯಾಜಿಕ್ ರಿಂಗ್ ಎದುರಾಗುತ್ತದೆ. ಕ್ರೋಶಾ ಬಲ್ಲವರಿಗೆ ಇದು ಸಹಜವೆನಿಸಬಹುದು. ಹೂವು ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ, ನಡುವಿಗೆ ಒಂದು ಉಂಗುರ ಬೇಕು, ಎಳೆದರೆ ಪೂರ್ತಿ ಮುಚ್ಚಿಕೊಳ್ಳುವ ಉಂಗುರಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಆದರೆ ಅದನ್ನು ಮೊದಲ ಬಾರಿಗೆ ಮಾಡುವವರ ಕೈಯನ್ನು ಗಮನಿಸಿ ನೋಡಬೇಕು. ದಾರವನ್ನು ಎರಡು ಬೆರಳಿಗೆ ಸುತ್ತಿ, ಸುತ್ತಿನ ಕೆಳಗೆ ಕಡ್ಡಿ ತೂರಿಸಿ, ಉಂಡೆಯಿಂದ ಬರುವ ದಾರವನ್ನು ಹೊರಗೆಳೆದು, ಒಂದು ಚೈನ್ ಹಾಕಿ, ಇನ್ನೂ ಆಕಾರವೇ ಇಲ್ಲದ ಆ ಸಡಿಲ ಸುತ್ತನ್ನು ಎಡಗೈಯಲ್ಲಿ ಹಿಡಿದುಕೊಂಡೇ ಉಂಗುರದ ಎಳೆ ಮತ್ತು ಬಾಲದ (ದಾರದ ಬಿಡಿ ತುದಿಯ) ಎಳೆ ಎರಡನ್ನೂ ಸೇರಿಸಿ ಅದರ ಮೇಲೆ ಹತ್ತು ಸ್ಟಿಚ್ ಕೂರಿಸಬೇಕು. ಚೈನ್ ಹಾಕಲು ಕಲಿತು ಅರ್ಧ ತಾಸಾಗಿದ್ದ ತಂಗಿಗೆ ಇದು ಎರಡು ಸಂಜೆಗಳಲ್ಲಿ ಹನ್ನೊಂದು ಬಾರಿ ಬಿಚ್ಚಿಹೋಯಿತು. "ಅಕ್ಕಾ, ಇದರಲ್ಲಿ ಎಳೆಯಬೇಕಾದ ದಾರ ಯಾವುದು, ಹೆಣೆಯಬೇಕಾದದ್ದು ಯಾವುದು ಎಂಬುದೇ ನನಗೆ ಗೊತ್ತಾಗುತ್ತಿಲ್ಲ" ಎಂದು ಅವಳು ಪೆಟ್ಟಿಗೆಯನ್ನು ಮುಚ್ಚಿಟ್ಟಳು. ಪಕ್ಕದಲ್ಲಿ ನಾನು ಇರದಿದ್ದರೆ ಆ ಪೆಟ್ಟಿಗೆ ಅಲ್ಲಿಗೇ ಕಪಾಟು ಸೇರುತ್ತಿತ್ತು.

ಒಪ್ಪಂದ ಮುರಿದು ನಾನು ತೋರಿಸಿದ್ದು ಬಹಳ ಹಳೆಯ, ಬಹಳ ಸರಳವಾದ ದಾರಿ: ನಾಲ್ಕು ಚೈನ್ ಹಾಕಿ, ಮೊದಲನೆಯ ಚೈನಿಗೆ ಸ್ಲಿಪ್ ಸ್ಟಿಚ್ಚಿನಿಂದ, ಅಂದರೆ ಎತ್ತರ ಸೇರಿಸದ ಜೋಡಣೆಯ ಸ್ಟಿಚ್ಚಿನಿಂದ, ಜೋಡಿಸಿದರೆ ಉಂಗುರ ಸಿದ್ಧ. ಅದು ಜಾರುವುದಿಲ್ಲ, ಬಿಚ್ಚಿಹೋಗುವುದಿಲ್ಲ, ಕೈಬಿಟ್ಟು ನೀರು ಕುಡಿದು ಬಂದರೂ ಹಾಗೆಯೇ ಇರುತ್ತದೆ. ನಡುವೆ ಸಣ್ಣ ತೂತೊಂದು ಉಳಿಯುತ್ತದೆ ಎಂಬುದಷ್ಟೇ ಅದರ ದೋಷ, ಮತ್ತು ಹೂವಿನ ನಡುವೆ ಗುಂಡಿಯನ್ನೋ ಮಣಿಯನ್ನೋ ಹೊಲಿದರೆ ಅದೂ ಕಾಣಿಸದು. ತೂತು ಇನ್ನೂ ಸಣ್ಣದಾಗಬೇಕೆಂದರೆ ಎರಡೇ ಚೈನ್ ಹಾಕಿ, ಕಡ್ಡಿಯಿಂದ ಎರಡನೆಯದಾದ ಚೈನಿನೊಳಗೇ ಮೊದಲ ಸುತ್ತಿನ ಎಲ್ಲ ಸ್ಟಿಚ್ಚುಗಳನ್ನೂ ಹಾಕಬಹುದು; ಆರೇಳು ಸ್ಟಿಚ್ಚುಗಳ ನಡುವಿಗೆ ಇದು ಚೆನ್ನಾಗಿ ಹೊಂದುತ್ತದೆ. ಈ ಎರಡೂ ಮಾರ್ಗಗಳ ಬಗ್ಗೆ 24 ಪುಟಗಳ ಆ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ. ಮ್ಯಾಜಿಕ್ ರಿಂಗ್ ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಮೂರು ನಾಲ್ಕು ಹೂಗಳನ್ನು ಹೆಣೆದು ಸ್ಟಿಚ್ಚಿನ ಪರಿಚಯವಾದ ಮೇಲೆ ತಂಗಿ ಅದನ್ನು ಒಂದೇ ಪ್ರಯತ್ನದಲ್ಲಿ ಮಾಡಿದಳು. ಅದಕ್ಕೆ ತಕ್ಕ ಜಾಗ ಪುಸ್ತಿಕೆಯ ನಡುವಿನಲ್ಲಿತ್ತು.

ಇಲ್ಲಿಯೇ ಇನ್ನೊಂದು ಲೋಪವನ್ನೂ ಹೇಳಬೇಕು. ಮ್ಯಾಜಿಕ್ ರಿಂಗಿನ ಬಾಲವನ್ನು ಎಳೆದು ನಡುವನ್ನು ಮುಚ್ಚಿದ ನಂತರ ಏನು ಮಾಡಬೇಕೆಂದು ಪುಸ್ತಿಕೆ ಹೇಳುವುದಿಲ್ಲ, ಚಿತ್ರದಲ್ಲಿ ಬಾಲವನ್ನು ಕತ್ತರಿಸಿದಂತೆ ತೋರಿಸುತ್ತದೆ. ಉಂಗುರವನ್ನು ಮುಚ್ಚಿ ಹಿಡಿದಿರುವುದು ಆ ಬಾಲವೊಂದೇ. ಅದನ್ನು ಕನಿಷ್ಠ 15 ಸೆಂ.ಮೀ. ಉದ್ದ ಬಿಟ್ಟು, ಸೂಜಿಗೆ ಪೋಣಿಸಿ, ಉಂಗುರದ ಸುತ್ತ ಒಮ್ಮೆ ಒಂದು ದಿಕ್ಕಿಗೆ, ಮತ್ತೊಮ್ಮೆ ವಿರುದ್ಧ ದಿಕ್ಕಿಗೆ ಹಾಯಿಸಿದ ನಂತರವೇ ಕತ್ತರಿಸಬೇಕು. ಚಿತ್ರವನ್ನು ನಂಬಿ ಕತ್ತರಿಸಿದ ಒಂದು ಹೂವು ನಾಲ್ಕನೆಯ ದಿನ ನಡುವಿನಿಂದ ಬಾಯಿ ಬಿಟ್ಟಿತು.

ಉಂಗುರದ ತೊಡಕು ಕಳೆದ ಮೇಲೆ ಐದೆಸಳಿನ ಹೂವಿನ ವಿನ್ಯಾಸ ಎಷ್ಟು ಅಚ್ಚುಕಟ್ಟಾಗಿದೆ ಎಂಬುದು ಗೊತ್ತಾಯಿತು. ಉಂಗುರದೊಳಗೆ ಹತ್ತು ಗಿಡ್ಡ ಸ್ಟಿಚ್ಚುಗಳು, ಅವುಗಳ ಮೇಲೆ ಎರಡೆರಡು ಸ್ಟಿಚ್ಚಿಗೆ ಒಂದರಂತೆ ಐದು ಎಸಳುಗಳು. ಎಸಳಿನ ಮೊದಲ ಸ್ಟಿಚ್ಚಿನಲ್ಲಿ ಎರಡು ಚೈನ್ ಏರಿ ಎರಡು ಎತ್ತರದ ಸ್ಟಿಚ್, ಎರಡನೆಯದರಲ್ಲಿ ಎರಡು ಎತ್ತರದ ಸ್ಟಿಚ್ ಹಾಕಿ ಎರಡು ಚೈನ್ ಇಳಿದು ಸ್ಲಿಪ್ ಸ್ಟಿಚ್. ಹೀಗೆ ಏರಿ ಇಳಿಯುವ ಎತ್ತರದಿಂದಲೇ ಎಸಳಿಗೆ ದುಂಡಗಿನ ಅಂಚು ಬರುತ್ತದೆ. ಎರಡೇ ಸುತ್ತುಗಳಲ್ಲಿ ಸುಮಾರು 5 ಸೆಂ.ಮೀ. ಅಗಲದ ಹೂವು ಕೈಗೆ ಬರುವುದರಿಂದ ಹೊಸಬರ ಉತ್ಸಾಹ ಕುಂದುವುದಿಲ್ಲ. ಎಣಿಕೆ ತಪ್ಪಿದರೆ ಅದೂ ಕೂಡಲೇ ಬಯಲಾಗುತ್ತದೆ: ಒಂಬತ್ತೇ ಸ್ಟಿಚ್ ಇದ್ದರೆ ಐದನೆಯ ಎಸಳಿಗೆ ಜಾಗ ಸಾಲುವುದಿಲ್ಲ, ಹನ್ನೊಂದಿದ್ದರೆ ಕೊನೆಗೊಂದು ಸಂದು ಉಳಿಯುತ್ತದೆ. ಸುತ್ತನ್ನು ಜೋಡಿಸುವ ಸ್ಲಿಪ್ ಸ್ಟಿಚ್ಚನ್ನೇ ಹನ್ನೊಂದನೆಯದೆಂದು ಎಣಿಸುವುದು ಆರಂಭಿಕರ ಸಾಮಾನ್ಯ ತಪ್ಪು. ಮೊದಲ ಸ್ಟಿಚ್ಚಿಗೆ ಮಾರ್ಕರ್ ಸಿಕ್ಕಿಸಿದರೆ ಅದು ತಪ್ಪುತ್ತದೆ, ಮತ್ತು ಆ ಸಲಹೆಯನ್ನು ಪುಸ್ತಿಕೆ ಸರಿಯಾದ ಜಾಗದಲ್ಲಿಯೇ ಕೊಟ್ಟಿದೆ.

ಹಾಗಿದ್ದೂ ತಂಗಿಯ ಮೊದಲ ಹೂವು ಪುಸ್ತಿಕೆಯ ಚಿತ್ರದಂತೆ ಬರಲಿಲ್ಲ. ಎಣಿಕೆ ಸರಿಯಿತ್ತು, ಎಸಳು ಐದೇ ಇದ್ದವು, ಆದರೆ ಹೂವು ಚಿತ್ರದಲ್ಲಿರುವುದರ ಒಂದೂವರೆ ಪಟ್ಟು ಅಗಲವಾಗಿ, ಜೋಲುಬಿದ್ದು, ಎಸಳುಗಳ ಬದಿಗಳು ಒಳಕ್ಕೆ ಸೆಳೆದುಕೊಂಡಿದ್ದವು. ತನ್ನ ಕೈಯೇ ಸಡಿಲವೆಂದು ಅವಳು ಭಾವಿಸಿದ್ದಳು. ಕಾರಣ ಬೇರೆಯಿತ್ತು, ಮತ್ತು ಈ ಕಿಟ್ಟಿನ ಅತಿ ಗಂಭೀರ ದೋಷವೆಂದು ನಾನು ಪರಿಗಣಿಸುವುದು ಅದನ್ನೇ.

ಕ್ರೋಶಾದ ಸ್ಟಿಚ್ಚುಗಳಿಗೆ ಇಂಗ್ಲಿಷಿನಲ್ಲಿ ಎರಡು ಹೆಸರಿನ ಪದ್ಧತಿಗಳಿವೆ, ಒಂದು ಅಮೆರಿಕದ್ದು, ಇನ್ನೊಂದು ಬ್ರಿಟನ್ನಿನದು. ಅಮೆರಿಕದ ಪದ್ಧತಿಯಲ್ಲಿ ಸಿಂಗಲ್ ಕ್ರೋಶಾ ಎಂಬ ಗಿಡ್ಡ ಸ್ಟಿಚ್ಚಿಗೆ ಬ್ರಿಟನ್ನಿನಲ್ಲಿ ಡಬಲ್ ಕ್ರೋಶಾ ಎನ್ನುತ್ತಾರೆ. ಅಮೆರಿಕದ ಡಬಲ್ ಕ್ರೋಶಾ ಬ್ರಿಟನ್ನಿನಲ್ಲಿ ಟ್ರೆಬಲ್ ಆಗುತ್ತದೆ. ಅಮೆರಿಕದ ಟ್ರೆಬಲ್ ಅಲ್ಲಿ ಡಬಲ್ ಟ್ರೆಬಲ್. ಹೆಸರುಗಳು ಹೀಗೆ ಒಂದೊಂದು ಮೆಟ್ಟಿಲು ಜರುಗಿರುವುದರಿಂದ ಒಂದೇ ಮಾತಿಗೆ ಎರಡು ಅರ್ಥ ಹುಟ್ಟುತ್ತದೆ. ಎತ್ತರದ ಲೆಕ್ಕದಲ್ಲಿ ಅಮೆರಿಕದ ಸಿಂಗಲ್ ಒಂದು ಚೈನಿಗೆ ಸಮ, ಡಬಲ್ ಮೂರು ಚೈನಿಗೆ, ಟ್ರೆಬಲ್ ನಾಲ್ಕು ಚೈನಿಗೆ ಸಮ. ಈ ಕಿಟ್ಟಿನ ಪುಸ್ತಿಕೆಯನ್ನು ಬ್ರಿಟನ್ನಿನ ಪದ್ಧತಿಯಲ್ಲಿ ಬರೆಯಲಾಗಿದೆ. ವಿಡಿಯೊದಲ್ಲಿ ಮಾತನಾಡುವವರು ಅಮೆರಿಕದ ಹೆಸರುಗಳನ್ನು ಬಳಸುತ್ತಾರೆ. ಎರಡೂ ಕಡೆ ಯಾವ ಪದ್ಧತಿಯೆಂದು ಹೇಳಿಲ್ಲ. ಪುಸ್ತಿಕೆಯಲ್ಲಿ ಹತ್ತು ಡಬಲ್ ಎಂದು ಓದಿದ ತಂಗಿ, ಡಬಲ್ ಎಂದರೇನೆಂದು ವಿಡಿಯೊದಲ್ಲಿ ನೋಡಿ, ಗಿಡ್ಡ ಸ್ಟಿಚ್ಚು ಇರಬೇಕಾದಲ್ಲಿ ಮೂರು ಪಟ್ಟು ಎತ್ತರದ್ದನ್ನು ಹಾಕಿದಳು. ಎಸಳಿನಲ್ಲಿ ಟ್ರೆಬಲ್ ಎಂದು ಓದಿ ಅದಕ್ಕೂ ಮೇಲಿನ ಮೆಟ್ಟಿಲಿಗೆ ಹೋದಳು. ಪಕ್ಕದಲ್ಲಿ ಎರಡೇ ಚೈನ್ ಇದ್ದುದರಿಂದ ಅವು ಎತ್ತರದ ಸ್ಟಿಚ್ಚುಗಳನ್ನು ಕೆಳಕ್ಕೆ ಜಗ್ಗಿ ಎಸಳನ್ನು ಮುದುಡಿಸಿದವು. ಅವಳು ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡಿದ ಕಲಿಕಾರ್ಥಿಗೆ ತನ್ನ ಕೈಯ ಮೇಲೆಯೇ ಅನುಮಾನ ಬರುವಂತೆ ಮಾಡಿದ್ದು ಅನ್ಯಾಯ, ಮತ್ತು ಮುಖಪುಟದ ಒಳಬದಿಯಲ್ಲಿ ಒಂದೇ ಸಾಲು ಮುದ್ರಿಸಿದ್ದರೆ ಅದು ತಪ್ಪುತ್ತಿತ್ತು.

ಬೇರೆ ಯಾವುದೇ ಮಾದರಿಯನ್ನು ಕೈಗೆತ್ತಿಕೊಳ್ಳುವವರೂ ಇದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಬರಹದಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಎಂಬ ಮಾತು ಕಂಡರೆ ಅದು ಅಮೆರಿಕದ ಪದ್ಧತಿ, ಏಕೆಂದರೆ ಬ್ರಿಟನ್ನಿನ ಇಂದಿನ ಪದ್ಧತಿಯಲ್ಲಿ ಆ ಹೆಸರೇ ಬಳಕೆಯಲ್ಲಿಲ್ಲ. ಇನ್ನೂ ಭದ್ರವಾದ ದಾರಿಯೆಂದರೆ ಸಂಕೇತ ನಕ್ಷೆಯನ್ನು ಓದುವುದು. ನಕ್ಷೆಯಲ್ಲಿ ಚೈನ್ ಒಂದು ಮೊಟ್ಟೆಯಾಕಾರ, ಸ್ಲಿಪ್ ಸ್ಟಿಚ್ ಒಂದು ಚುಕ್ಕೆ, ಗಿಡ್ಡ ಸ್ಟಿಚ್ ಕೂಡುವ ಇಲ್ಲವೇ ಗುಣಿಸುವ ಚಿಹ್ನೆ; ಅದಕ್ಕಿಂತ ಎತ್ತರದ್ದು ಇಂಗ್ಲಿಷಿನ ಟಿ ಅಕ್ಷರ, ಅದರ ಕಂಬಕ್ಕೆ ಒಂದು ಓರೆಗೆರೆ ಎಳೆದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿ ಆರಂಭಿಸುವ ಸ್ಟಿಚ್, ಎರಡು ಗೆರೆಯಿದ್ದರೆ ಎರಡು ಬಾರಿ ಸುತ್ತುವ ಸ್ಟಿಚ್. ಹೆಸರು ಏನೇ ಇರಲಿ, ಚಿತ್ರ ಬದಲಾಗುವುದಿಲ್ಲ. ಹೂವಿನಂಥ ವೃತ್ತಾಕಾರದ ಹೆಣಿಗೆಗೆ ನಕ್ಷೆಯ ಉಪಯೋಗ ಇನ್ನೂ ಹೆಚ್ಚು, ಏಕೆಂದರೆ ನಕ್ಷೆಯೇ ಹೂವಿನ ಆಕಾರದಲ್ಲಿರುತ್ತದೆ. ಯಾವ ಎಸಳು ಯಾವ ಸ್ಟಿಚ್ಚಿನಿಂದ ಹುಟ್ಟುತ್ತದೆಂದು ಬೆರಳಿಟ್ಟು ನೋಡಬಹುದು. ಈ ಪುಸ್ತಿಕೆಯಲ್ಲಿ ನಕ್ಷೆಗಳಿರುವುದು ಡೇಸಿಗೆ ಮತ್ತು ಪದರದ ಗುಲಾಬಿಗೆ ಮಾತ್ರ. ಅವೆರಡೂ ಸ್ಪಷ್ಟವಾಗಿವೆ, ಸುತ್ತು ಸುತ್ತಿಗೆ ಬಣ್ಣ ಬದಲಿಸಿ ಮುದ್ರಿಸಿದ್ದಾರೆ. ಅದೇ ಶ್ರದ್ಧೆಯನ್ನು ಮೊದಲ ಹೂವಿಗೂ ತೋರಿಸಿದ್ದರೆ ನನ್ನ ದೂರುಗಳಲ್ಲಿ ಅರ್ಧದಷ್ಟು ಇರುತ್ತಿರಲಿಲ್ಲ. ನಾನು ಒಂದು ಹಾಳೆಯ ಮೇಲೆ ಐದೆಸಳಿನ ಹೂವಿನ ನಕ್ಷೆಯನ್ನು ಬರೆದುಕೊಟ್ಟೆ. ಆ ಸಂಜೆಯೇ ತಂಗಿ ಮೂರು ಹೂಗಳನ್ನು ಹೆಣೆದಳು, ಮೂರನೆಯದು ಚಿತ್ರದಲ್ಲಿರುವಂತೆಯೇ ಇತ್ತು.

ಡೇಸಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹಳದಿಯ ನಡುವಿನಿಂದ ಬಿಳಿಯ ಚೈನನ್ನು ಹೊರಕ್ಕೆ ಬೆಳೆಸಿ, ಅದರ ಮೇಲೆ ಹಿಂದಿರುಗಿ ಹೆಣೆಯುತ್ತ ಬಂದು ಮುಂದಿನ ಸ್ಟಿಚ್ಚಿಗೆ ಜೋಡಿಸುವ ಉದ್ದನೆಯ ಎಸಳುಗಳು ಅದರವು, ಕಲಿಯಲು ಸುಲಭ. ಬಣ್ಣ ಬದಲಿಸುವಾಗ ಹಳೆಯ ಬಣ್ಣದ ಕೊನೆಯ ಕುಣಿಕೆಯನ್ನು ಹೊಸ ಬಣ್ಣದಿಂದಲೇ ಎಳೆದು ಮುಗಿಸಬೇಕೆಂಬ ಸೂಚನೆಯನ್ನು ಇಲ್ಲಿ ಬಹಳ ಚೆನ್ನಾಗಿ ವಿವರಿಸಿದ್ದಾರೆ.

ಸುರುಳಿ ಗುಲಾಬಿಯನ್ನು ನಾಲ್ಕನೆಯ ಸ್ಥಾನಕ್ಕೆ ತಳ್ಳಿದ್ದು ಮಾತ್ರ ನನಗೆ ಅರ್ಥವಾಗಲಿಲ್ಲ. ಐದು ಮಾದರಿಗಳಲ್ಲಿ ಉಂಗುರವೇ ಬೇಡದ ಹೂವು ಅದೊಂದೇ. ಉದ್ದನೆಯ ಚೈನ್ ಹಾಕಿ, ಅದರ ಮೇಲೆ ಎತ್ತರದ ಸ್ಟಿಚ್ಚುಗಳ ಒಂದು ಸಾಲು, ಆ ಸಾಲಿನ ಪ್ರತಿ ಸಂದಿನಲ್ಲಿ ಐದೈದು ಸ್ಟಿಚ್ಚುಗಳ ಗೊಂಚಲು, ಅಷ್ಟೇ. ಬುಡದಲ್ಲಿರುವುದಕ್ಕಿಂತ ಅಂಚಿನಲ್ಲಿ ಸ್ಟಿಚ್ಚುಗಳು ಹಲವು ಪಟ್ಟು ಹೆಚ್ಚಿರುವುದರಿಂದ ಪಟ್ಟಿ ಹೆಣೆಯುವಾಗಲೇ ತಾನಾಗಿ ಸುರುಳಿಗೊಳ್ಳುತ್ತದೆ. ಅದನ್ನು ಸುತ್ತಿ ಬುಡಕ್ಕೆ ನಾಲ್ಕು ಹೊಲಿಗೆ ಹಾಕಿದರೆ ಗುಲಾಬಿ. ಒಂದು ಸ್ಟಿಚ್ಚು ಹೆಚ್ಚೋ ಕಡಿಮೆಯೋ ಆದರೂ ಸುರುಳಿಯೊಳಗೆ ಯಾರಿಗೂ ಗೊತ್ತಾಗುವುದಿಲ್ಲ. ಚೈನ್ ಹಾಕಿದ ದಿನವೇ ಕೈಗೆ ಹೂವು ಕೊಡಬಲ್ಲ, ತಪ್ಪನ್ನು ಇಷ್ಟು ಸಹಿಸಿಕೊಳ್ಳುವ ಮಾದರಿಯೊಂದು ತಮ್ಮಲ್ಲಿಯೇ ಇರುವಾಗ ತಯಾರಕರು ಮ್ಯಾಜಿಕ್ ರಿಂಗಿನಿಂದ ಪಾಠ ಆರಂಭಿಸಿದ್ದಾರೆ. ಈ ಕಿಟ್ಟನ್ನು ಕೊಳ್ಳುವವರು ನೇರವಾಗಿ ಸುರುಳಿ ಗುಲಾಬಿಯಿಂದ ಆರಂಭಿಸಿ, ಆಮೇಲೆ ಚೈನ್ ಉಂಗುರದ ಐದೆಸಳಿನ ಹೂವು, ನಂತರ ಡೇಸಿ, ಕೊನೆಗೆ ಪದರದ ಗುಲಾಬಿ ಎಂಬ ಕ್ರಮದಲ್ಲಿ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪದರದ ಗುಲಾಬಿಯೇ ಈ ಪೆಟ್ಟಿಗೆಯ ಆಭರಣ. ಇದು ಐರ್ಲೆಂಡಿನ ಕ್ರೋಶಾ ಪರಂಪರೆಯಿಂದ ಬಂದ ಮಾದರಿ. ಅಲ್ಲಿ 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಆರಂಭವಾದ ಮಹಾಕ್ಷಾಮದ ವರ್ಷಗಳಲ್ಲಿ ಎಷ್ಟೋ ಹೆಂಗಸರು ಕ್ರೋಶಾ ಲೇಸು ಹೆಣೆದು ಮಾರಿ ಮನೆ ನಡೆಸಿದರು; ಹೂ, ಎಲೆ, ಮೊಗ್ಗುಗಳನ್ನು ಬಿಡಿಬಿಡಿಯಾಗಿ ಹೆಣೆದು, ಆಮೇಲೆ ಅವುಗಳ ನಡುವೆ ಜಾಲರಿ ತುಂಬಿ ಒಂದಾಗಿಸುವುದು ಅವರ ಕ್ರಮವಾಗಿತ್ತು. ಕಿಟ್ಟಿನ ಮಾದರಿಯಲ್ಲಿ ಮೊದಲ ಪದರದ ಆರು ಎಸಳುಗಳು ಮುಗಿದ ಮೇಲೆ ಹೂವನ್ನು ಮುಂದಕ್ಕೆ ಬಾಗಿಸಿ, ಎಸಳುಗಳ ಬೆನ್ನಿಗೆ ಐದೈದು ಚೈನ್‌ಗಳ ಆರು ಕಮಾನುಗಳನ್ನು ಕಟ್ಟಬೇಕು, ಎರಡನೆಯ ಪದರ ಆ ಕಮಾನುಗಳ ಮೇಲೆ ಬೆಳೆಯುತ್ತದೆ. ಮುಂದಿನ ಎಸಳು ಹಿಂದಿನದಕ್ಕಿಂತ ದೊಡ್ಡದಾಗಿ ಅದರ ಹಿಂದಿನಿಂದ ಇಣುಕುವುದು ಈ ಕಮಾನುಗಳಿಂದಲೇ. ಪುಸ್ತಿಕೆಯಲ್ಲಿ ಹೂವಿನ ಬೆನ್ನಿನ ಛಾಯಾಚಿತ್ರವನ್ನು ದೊಡ್ಡದಾಗಿ ಕೊಟ್ಟಿದ್ದಾರೆ, ಕಡ್ಡಿಯನ್ನು ಯಾವ ಸ್ಟಿಚ್ಚಿನ ಕಂಬದ ಸುತ್ತ ಹಾಯಿಸಬೇಕೆಂದು ಬಾಣದ ಗುರುತಿದೆ. ಹೂವಿನ ಬೆನ್ನನ್ನು ಇಷ್ಟು ಚೆನ್ನಾಗಿ ತೋರಿಸಿದ ಆರಂಭಿಕರ ಪುಸ್ತಿಕೆಯನ್ನು ನಾನು ಹಿಂದೆ ಕಂಡಿರಲಿಲ್ಲ, ಈ ಪುಟಗಳಿಗಾಗಿ ತಯಾರಕರನ್ನು ಮನಸಾರೆ ಅಭಿನಂದಿಸುತ್ತೇನೆ.

ಆದರೆ ಈ ಗುಲಾಬಿಗೆಂದು ಅವರು ಗೊತ್ತುಮಾಡಿದ ಬಣ್ಣ ಗಾಢ ಮರೂನ್. ಸಂಜೆಯ ದೀಪದಲ್ಲಿ ಆ ಬಣ್ಣದ ದಾರದಲ್ಲಿ ಸ್ಟಿಚ್ಚಿನ ತಲೆ ಯಾವುದು, ನೆರಳು ಯಾವುದೆಂದು ಅನುಭವವಿರುವ ನನಗೇ ಕಾಣಿಸಲಿಲ್ಲ. ಪುಸ್ತಿಕೆಯ ಛಾಯಾಚಿತ್ರಗಳಲ್ಲಿ ಇದೇ ಹೂವನ್ನು ತಿಳಿ ಗುಲಾಬಿ ದಾರದಲ್ಲಿ ಹೆಣೆದು ತೋರಿಸಿದ್ದಾರೆ. ಮರೂನಿನಲ್ಲಿ ಚಿತ್ರ ತೆಗೆದರೆ ಏನೂ ಕಾಣದೆಂದು ಅವರಿಗೂ ತಿಳಿದಿರಬೇಕು. ತಂಗಿ ಮೊದಲ ಗುಲಾಬಿಯನ್ನು ತಿಳಿ ಬಣ್ಣದಲ್ಲಿ ಹೆಣೆದಳು, ಕಮಾನುಗಳ ಜಾಗ ಬೆರಳಿಗೆ ಅಭ್ಯಾಸವಾದ ಮೇಲಷ್ಟೇ ಮರೂನಿಗೆ ಹೋದಳು, ಅದೂ ಹಗಲು ಬೆಳಕಿನಲ್ಲಿ.

ಮರೂನಿನ ಇನ್ನೊಂದು ದೋಷ ಕೊನೆಯ ಹಂತದಲ್ಲಿ ಹೊರಬಿತ್ತು. ಹೆಣೆದು ಮುಗಿಸಿದ ಹತ್ತಿಯ ಹೂವನ್ನು ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಎಸಳುಗಳನ್ನು ಬಿಡಿಸಿ ಗುಂಡುಸೂಜಿಯಿಂದ ಚುಚ್ಚಿ ಒಣಗಿಸಿದರೆ ಅದರ ಆಕಾರ ಸ್ಥಿರಗೊಳ್ಳುತ್ತದೆ. ಬ್ಲಾಕಿಂಗ್ ಎಂದು ಕರೆಯುವ ಈ ಕೆಲಸಕ್ಕೆ ಪುಸ್ತಿಕೆ ಕೊಟ್ಟಿರುವುದು ಮೂರೇ ಸಾಲು. ಮರೂನ್ ಗುಲಾಬಿಯನ್ನು ಬಿಳಿಯ ಡೇಸಿಯ ಜೊತೆ ಒಂದೇ ಬಟ್ಟಲಿನಲ್ಲಿ ನೆನೆಸಿದಾಗ ಡೇಸಿಯ ಎಸಳುಗಳು ಕೆಂಪಡರಿದವು, ಮತ್ತೆ ತೊಳೆದರೂ ಹೋಗಲಿಲ್ಲ. ಬಣ್ಣ ಬಿಡಬಹುದೆಂಬ ಎಚ್ಚರಿಕೆ ಚೀಟಿಯ ಮೇಲೂ ಇಲ್ಲ, ಪುಸ್ತಿಕೆಯಲ್ಲೂ ಇಲ್ಲ. ಗಾಢ ಬಣ್ಣದ ದಾರವನ್ನು ತಿಳಿ ಬಣ್ಣದ ಜೊತೆ ಸೇರಿಸುವ ಮೊದಲು ಒಂದು ಗೇಣುದ್ದದ ತುಂಡನ್ನು ಒದ್ದೆಮಾಡಿ ಬಿಳಿಯ ಬಟ್ಟೆಯ ನಡುವೆ ಒತ್ತಿ ನೋಡುವುದು ಎರಡು ನಿಮಿಷದ ಕೆಲಸ. ನಾನೇ ಅದನ್ನು ನೆನಪಿಸಬೇಕಿತ್ತೆಂದು ಈಗಲೂ ಬೇಸರವಿದೆ, ಏಕೆಂದರೆ ಆ ಡೇಸಿ ಅವಳು ತಪ್ಪಿಲ್ಲದೆ ಹೆಣೆದ ಮೊದಲ ಡೇಸಿಯಾಗಿತ್ತು.

ವಿಡಿಯೊ ಪಾಠಗಳು ಒಟ್ಟು ಐದು. ಹೆಸರಿನ ಗೊಂದಲವನ್ನು ಬದಿಗಿಟ್ಟು ನೋಡಿದರೆ ಅವು ಸೊಗಸಾಗಿವೆ. ಕ್ಯಾಮೆರಾವನ್ನು ಹೆಣೆಯುವವರ ಭುಜದ ಮೇಲಿನಿಂದ ಇಟ್ಟಿರುವುದರಿಂದ ನಮ್ಮ ಕೈಯನ್ನೇ ನಾವು ನೋಡಿಕೊಂಡಂತಿರುತ್ತದೆ, ಎದುರಿನಿಂದ ತೆಗೆದ ಚಿತ್ರವನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳಬೇಕಾದ ಶ್ರಮವಿಲ್ಲ. ಮೊದಲ ಎಸಳನ್ನು ನಿಧಾನವಾಗಿ, ಎರಡನೆಯದನ್ನು ಸಹಜ ವೇಗದಲ್ಲಿ ತೋರಿಸುವ ಕ್ರಮವೂ ಒಳ್ಳೆಯದು. ಎಡಗೈಯವರಿಗೆ ಪ್ರತ್ಯೇಕ ಪಾಠವಿಲ್ಲ. ಅವರ ಹೆಣಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವುದರಿಂದ ವಿಡಿಯೊವನ್ನು ಕನ್ನಡಿಯಂತೆ ಮಗುಚಿ ತೋರಿಸುವ ಸೌಲಭ್ಯವನ್ನಾದರೂ ಕೊಡಬಹುದಿತ್ತು. ಎಲೆ ಮತ್ತು ಮೊಗ್ಗಿನ ಪಾಠ ಅವಸರದ್ದು, ಎಲೆಯ ನಡುನರವನ್ನು ಹೇಗೆ ಹೆಣೆಯಬೇಕೆಂಬ ಭಾಗವನ್ನು ನಾಲ್ಕು ಬಾರಿ ಹಿಂದಕ್ಕೆ ಓಡಿಸಿ ನೋಡಬೇಕಾಯಿತು.

ಮನೆಯಲ್ಲಿ ಕ್ರೋಶಾ ಬಲ್ಲವರೊಬ್ಬರು ಇದ್ದರೆ, ಇಲ್ಲವೇ ಮೇಲೆ ಹೇಳಿದ ಕ್ರಮವನ್ನೂ ಹೆಸರುಗಳ ವ್ಯತ್ಯಾಸವನ್ನೂ ಗುರುತುಮಾಡಿಟ್ಟುಕೊಳ್ಳುವ ತಾಳ್ಮೆಯಿದ್ದರೆ, ಈ ಕಿಟ್ಟನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಪೂರ್ತಿ ಒಬ್ಬಂಟಿಯಾಗಿ, ಪುಸ್ತಿಕೆಯ ಮೊದಲ ಪುಟದಿಂದ ಕಲಿಯಬೇಕೆಂದಿರುವವರಿಗೆ ಇದನ್ನು ಈಗಿರುವ ರೂಪದಲ್ಲಿ ನಾನು ಶಿಫಾರಸು ಮಾಡಲಾರೆ. ಮಕ್ಕಳಿಗೆ ಕೊಡಿಸುವವರು ಮರೂನ್ ಉಂಡೆಯನ್ನು ತೆಗೆದಿಟ್ಟು ಅದರ ಬದಲು ಅದೇ ದಪ್ಪದ ಇನ್ನೊಂದು ತಿಳಿ ಬಣ್ಣವನ್ನು ಸೇರಿಸಿದರೆ ಒಳ್ಳೆಯದು.

ತಯಾರಕರಿಗೆ ಈ ವಿಷಯಗಳನ್ನೆಲ್ಲ ವಿವರವಾಗಿ ಬರೆದಿದ್ದೇನೆ. ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಹೆಸರಿನ ಪದ್ಧತಿಯನ್ನು ನಮೂದಿಸುವುದಾಗಿ ಉತ್ತರ ಬಂದಿದೆ, ಹೂಗಳ ಅನುಕ್ರಮದ ಬಗ್ಗೆ ಅದರಲ್ಲಿ ಏನೂ ಇಲ್ಲ. ಆರು ವಾರಗಳ ಕೊನೆಗೆ ಹಸಿರು ದಾರ ಅರ್ಧ, ಹಳದಿ ಮುಕ್ಕಾಲು ಪಾಲು ಉಳಿದಿತ್ತು. ತಿಳಿ ಗುಲಾಬಿ ಮಾತ್ರ ಪೂರ್ತಿ ಮುಗಿದಿತ್ತು. ತಂಗಿ ಅದೇ ಬಣ್ಣದ ಇನ್ನೆರಡು ಉಂಡೆಗಳನ್ನು ತರಿಸಿಕೊಂಡು ಈಗ ಗುಲಾಬಿಗೆ ಮೂರನೆಯ ಪದರ ಕಟ್ಟುತ್ತಿದ್ದಾಳೆ, ಕಮಾನಿಗೆ ಐದರ ಬದಲು ಏಳು ಚೈನ್ ಹಾಕಿ.